ಸೀಟಿಗಾಗಿ ಹಿಂದಕ್ಕೆ ಹೋದವರು

“ಮುಂದಕ್ಕೆ ಹೋಗ್ಬೇಕು ಅಂದ್ರೆ ಮೊದ್ಲು ಹಿಂದಕ್ಕೆ ಹೋಗ್ಬೇಕು ಸಾರ್. ಅವ್ಳೋದಾನ್, ಅಷ್ಟೇ. ಇಷ್ಟು ನಿಮ್ಮ ಕಂಪ್ಯೂಟರ್‌ಗೆ ಗೊತ್ತಿಲ್ವಾ?”

ಪೆರುಮಾಳ್ ರೈಲಿನ ಬಾಗಿಲಲ್ಲಿ ಕೂತು, ಕಾಲು ಹೊರಕ್ಕೆ ಇಳಿಬಿಟ್ಟುಕೊಂಡು, ಕತ್ತನ್ನು ಮಾತ್ರ ಒಳಕ್ಕೆ ತಿರುಗಿಸಿ ಕೇಳಿದ. ಇಪ್ಪತ್ತಾರು ವರ್ಷದಿಂದ ಮಾರಿಕುಪ್ಪಂ ಗಾಡಿಯ ಪಾಸು ಇಟ್ಟುಕೊಂಡಿರುವ ಮನುಷ್ಯ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ನೋಡಿಕೊಳ್ಳುವ ಕೆಲಸ. ಇವತ್ತು ರಜ ಹಾಕಿ ಬಂದಿದ್ದು ಸರಸ್ವತಮ್ಮ ಕರೆದರು ಅಂತ.

ಅವನು ಕೇಳಿದ್ದು ಅನಿರುದ್ಧನನ್ನು. ಬೆಂಗಳೂರಿನ ಸಮೀಕ್ಷೆ ಕಂಪನಿಯ ಈ ಹುಡುಗ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದರ ಮೇಲೆ ನಲವತ್ತೊಂದು ಫಾರಂಗಳ ಕಟ್ಟು ಇಟ್ಟುಕೊಂಡು, ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಿದ್ದ.

ಗಾಡಿ ಕೋರಮಂಡಲ್ ದಾಟಿ, ಬಂಗಾರಪೇಟೆಗೆ ಇನ್ನು ಮೂರು ಕಿಲೋಮೀಟರ್ ಇರುವಾಗ ಸಿಗ್ನಲ್ ಸಿಗದೆ ನಿಂತು ಇಪ್ಪತ್ತು ನಿಮಿಷವಾಗಿತ್ತು. ಮುಹೂರ್ತದ ದಿನ ಬೇರೆ. ಡಬ್ಬಿಯ ತುಂಬ ರೇಷ್ಮೆ ಸೀರೆಗಳು, ಬಣ್ಣದ ಕಾಗದ ಸುತ್ತಿದ ಉಡುಗೊರೆಗಳು, ಮಕ್ಕಳು, ಬಾಡುತ್ತಿರುವ ಮಲ್ಲಿಗೆ. ಒಬ್ಬರು ಕಾಲು ಎತ್ತಿದರೆ ಮತ್ತೆ ಇಡಲು ಜಾಗ ಹುಡುಕಬೇಕು. ಫ್ಯಾನು ತಿರುಗುತ್ತಿತ್ತು, ಬಿಸಿಗಾಳಿಯನ್ನೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ದಾಟಿಸುತ್ತಿತ್ತು.

ಗಂಟೆ ಹನ್ನೊಂದು ಹತ್ತು. ಹನ್ನೆರಡಕ್ಕೆ ಬಂಗಾರಪೇಟೆಯಲ್ಲಿ ಸಮೀಕ್ಷೆಯ ಸಭೆ. ಸಭೆ ಶುರುವಾಗುವುದರೊಳಗೆ, ಸಮೀಕ್ಷೆಗೆ ಮನೆಮನೆ ತಿರುಗಿದ್ದ ಹುಡುಗಿ ಲಿಖಿತ ಒಂದು ಕಾಗದಕ್ಕೆ ಸಹಿ ಹಾಕಬೇಕು, ಇಲ್ಲವಾದರೆ ಕಂಪನಿ ಪೊಲೀಸರಿಗೆ ದೂರು ಕೊಡುತ್ತದೆ.

ಕಾಗದ ಅನಿರುದ್ಧನ ಫೈಲಿನಲ್ಲಿತ್ತು. ‘ಮನೆಮನೆ ಸಮೀಕ್ಷೆಯ ನಲವತ್ತೊಂದು ಫಾರಂಗಳನ್ನು ನಾನು ಯಾರನ್ನೂ ಕೇಳದೆ ಸುಳ್ಳಾಗಿ ತುಂಬಿರುತ್ತೇನೆ’ ಎಂದು ಅದರಲ್ಲಿ ಬರೆದಿತ್ತು.

ಸರಸ್ವತಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರು. ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರು. ನಿವೃತ್ತಿಯಾದ ಮೇಲೆ ಊರಿನವರ ಕಳೆದುಹೋದ ಒಡವೆ, ಓಡಿಹೋದ ಅಳಿಯ, ಯಾರು ಬರೆದರೆಂದು ಗೊತ್ತಾಗದ ಬೇನಾಮಿ ಪತ್ರ ಎಲ್ಲಕ್ಕೂ ಇವರ ಮನೆ ಬಾಗಿಲು. ಇವತ್ತು ಈ ನಾಲ್ವರನ್ನೂ ಇದೇ ಗಾಡಿಗೆ ಹತ್ತಿಸಿದ್ದು ಅವರೇ. ಕಾರಿನಲ್ಲಿ ಕೂತು ರೈಲಿನ ಲೆಕ್ಕ ಹಾಕಬೇಡ, ಒಂದು ದಿನ ರೈಲಿನಲ್ಲಿ ಕೂತು ನೋಡು ಎಂದು ಅನಿರುದ್ಧನಿಗೆ ಹೇಳಿ ಒಪ್ಪಿಸಿದ್ದರು. ಸೂಪರ್‌ವೈಸರ್ ಮುನಿರಾಜುವನ್ನೂ ಫಾರಂಗಳ ಚೀಲದ ಸಮೇತ ಕರೆದುಕೊಂಡು ಬಾ ಎಂದಿದ್ದರು.

ಅವರು ಲೆಕ್ಕ ಹಾಕಿದ್ದು ಇಪ್ಪತ್ತು ನಿಮಿಷದ ಪ್ರಯಾಣಕ್ಕೆ. ಗಾಡಿ ನಿಂತುಬಿಡುತ್ತದೆ ಎಂದುಕೊಂಡಿರಲಿಲ್ಲ.

ಪಕ್ಕದಲ್ಲಿ ಕಿಟಕಿಗೆ ಒತ್ತಿಕೊಂಡು ಕೂತಿದ್ದ ಲಿಖಿತ ಸ್ವಲ್ಪ ಸರಿದಾಗ ಸರಸ್ವತಮ್ಮನವರ ತೋಳಿಗೆ ಏನೋ ಚುಚ್ಚಿತು. ನೋಡಿದರೆ ಹುಡುಗಿಯ ಕುಪ್ಪಸದ ತೋಳಂಚಿನಲ್ಲಿ ಒಂದು ಗುಂಡುಪಿನ್ನು.

“ಅಮ್ಮ ಮರೆತಿರ್ತಾಳೆ ಆಂಟಿ,” ಎಂದು ಲಿಖಿತ ಅದನ್ನು ಕಿತ್ತು ತನ್ನ ಬ್ಯಾಗಿನ ಪಟ್ಟಿಗೆ ಚುಚ್ಚಿಕೊಂಡಳು. “ಯಾರಿಗೆ ಹೊಲಿದುಕೊಟ್ರೂ ಒಂದು ಪಿನ್ನು ಉಳಿದಿರತ್ತೆ.”

ಅದು ಸರಸ್ವತಮ್ಮನವರಿಗೂ ಗೊತ್ತಿತ್ತು. ಅವರು ಉಟ್ಟಿದ್ದ ಸೀರೆಯ ಕುಪ್ಪಸವೂ ಲಿಖಿತಳ ತಾಯಿ, ಆಂಡರ್ಸನ್‌ಪೇಟೆಯ ಕಲಾ ಹೊಲಿದದ್ದೇ. ಹೋದ ಶುಕ್ರವಾರ ಅಳತೆ ಕೊಡಲು ಹೋಗಿದ್ದಾಗ ಅಲ್ಲಿ ಕೂತೇ ಅಲ್ಲವೇ ಈ ಹುಡುಗಿಯ ಗೋಳು ಕೇಳಿದ್ದು. ಗಂಡ ಸತ್ತ ಮೇಲೆ ಹೊಲಿಗೆಯಿಂದಲೇ ಮಗಳನ್ನು ಡಿಗ್ರಿ ಓದಿಸಿದ ಹೆಂಗಸು. ಮಗಳಿಗೆ ಅಂಚೆ ಕಚೇರಿಯಲ್ಲಿ ಕೆಲಸದ ಪತ್ರ ಬಂದಿದೆ, ಇನ್ನು ಪೊಲೀಸ್ ವಿಚಾರಣೆ, ಹಿಂದೆ ದುಡಿದ ಜಾಗದ ಒಂದು ಯೋಗ್ಯತಾ ಪತ್ರ, ಇಷ್ಟೇ ಬಾಕಿ. ಸಹಿ ಹಾಕದಿದ್ದರೆ ಪೊಲೀಸ್. ಹಾಕಿದರೆ ಪತ್ರ ಇಲ್ಲ. ಎರಡು ಬಾಗಿಲೂ ಒಂದೇ ಕೋಣೆಗೆ ತೆರೆದುಕೊಳ್ಳುತ್ತಿದ್ದವು.

ಮಾಡಿಲ್ಲದ ತಪ್ಪಿಗೆ ಸಹಿ ಹಾಕುವುದಿಲ್ಲ ಎಂದು ಲಿಖಿತ ಹಟ ಹಿಡಿದಿದ್ದಳು. ಬೆಳಿಗ್ಗೆ ಗಾಡಿ ಹತ್ತುವಾಗ ಅನಿರುದ್ಧ ಪೆನ್ನು ಕೊಟ್ಟರೆ, ಅದನ್ನು ಅವನ ಅಂಗಿಯ ಜೇಬಿಗೇ ವಾಪಸು ಸಿಕ್ಕಿಸಿದ್ದಳು.

ಅನಿರುದ್ಧ ಕೊನೆಗೂ ಬಾಯಿ ಬಿಟ್ಟ. ಕೆಟ್ಟ ಹುಡುಗನಲ್ಲ. ತನ್ನ ಕೆಲಸವನ್ನು ಬೆಳಿಗ್ಗೆಯಿಂದ ಎರಡು ಸಲ ತಾಳ್ಮೆಯಿಂದ ವಿವರಿಸಿದ್ದ. ಕೋಲಾರದ ಕಡೆಯ ಈ ಇಡೀ ಪ್ರದೇಶವನ್ನು ತುಂಡು ಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿದ್ದಾರೆ. ಊರಿಗಾಂ, ಚಾಂಪಿಯನ್, ಆಂಡರ್ಸನ್‌ಪೇಟೆ ಸೇರಿ ಹದಿನಾಲ್ಕನೇ ತುಂಡು. ಆ ತುಂಡಿನಿಂದ ದಿನಕ್ಕೆ ಎಷ್ಟು ಜನ ಹೊರಡುತ್ತಾರೆ, ಎಲ್ಲಿಗೆ, ಏತರ ಮೇಲೆ ಎಂದು ಮನೆಮನೆಗೆ ಹೋಗಿ ಕೇಳಿ ತಂದರೆ, ಕಂಪ್ಯೂಟರಿನ ಮಾದರಿ ಇಪ್ಪತ್ತು ವರ್ಷದ ಮುಂದಿನ ಲೆಕ್ಕ ಹೇಳುತ್ತದೆ. ಎಷ್ಟು ರೈಲು, ಎಷ್ಟು ಬಸ್ಸು, ಎಷ್ಟು ಅಗಲದ ರಸ್ತೆ ಎಂದು.

ಹದಿನಾಲ್ಕನೇ ತುಂಡಿಗೆ ಅದು ಹೇಳಿದ್ದು, ಇಪ್ಪತ್ತು ವರ್ಷ ಕಳೆದರೂ ಮುಂಜಾನೆಯ ಗಾಡಿಯಲ್ಲಿ ಸೀಟು ಮಿಗುತ್ತದೆ ಎಂದು. ಇದನ್ನು ಕೇಳಿ ಪೆರುಮಾಳ್ ನಕ್ಕ ನಗುವಿಗೆ ಮದುವೆ ಗುಂಪಿನ ಅಜ್ಜಿಯೊಬ್ಬರು ಏನಾಯಿತೆಂದು ವಿಚಾರಿಸಿದ್ದರು.

“ಇಲ್ಲಿ ನೋಡಿ,” ಎಂದ ಅನಿರುದ್ಧ, ಕಟ್ಟಿನ ಮೇಲಿನ ಫಾರಂ ತೋರಿಸುತ್ತ. “ಮನೆ ಊರಿಗಾಂ. ಸ್ಟೇಷನ್ ಎದುರಿಗೇ ಇದೆ. ಹೋಗಬೇಕಾದ್ದು ಬೆಂಗಳೂರಿಗೆ. ಆದರೆ ಈ ಮನುಷ್ಯ ನಾಲ್ಕೂ ಮುಕ್ಕಾಲಿಗೆ ಷೇರ್ ಆಟೋದಲ್ಲಿ ಮಾರಿಕುಪ್ಪಂಗೆ ಹೋಗ್ತಾನೆ. ಅಂದರೆ ಉಲ್ಟಾ ದಿಕ್ಕಿಗೆ. ಅಲ್ಲಿಂದ ಅದೇ ರೈಲು ಹತ್ತಿ ತನ್ನ ಮನೆ ಮುಂದೇನೇ ವಾಪಸು ಬರ್ತಾನೆ. ನಲವತ್ತೊಂದರಲ್ಲೂ ಹೀಗೇ. ಇಂಥ ಪ್ರಯಾಣ ಯಾರೂ ಮಾಡೋದಿಲ್ಲ ಅಂತ ಮಾದರಿ ಅವನ್ನು ಹೊರಗೆ ಹಾಕ್ತು.”

“ಆ ಮನುಷ್ಯ ನಾನೇ ಸಾರ್,” ಎಂದ ಪೆರುಮಾಳ್.

ಅನಿರುದ್ಧ ಫಾರಂ ನೋಡಿದ, ಪೆರುಮಾಳನನ್ನು ನೋಡಿದ. ಹೆಸರು ಅದೇ ಇತ್ತು.

ಆಮೇಲೆ ಪೆರುಮಾಳ್ ಹೇಳಿದ್ದನ್ನೆಲ್ಲ ಬರೆದರೆ ಒಂದು ಪುಟವಾಗುತ್ತದೆ. ಗಾಡಿ ಹೊರಡುವುದು ಮಾರಿಕುಪ್ಪಂನಿಂದ. ಚಾಂಪಿಯನ್‌ಗೆ ಬರುವಷ್ಟರಲ್ಲಿ ಸೀಟು ಮುಗಿದಿರುತ್ತದೆ, ಊರಿಗಾಂಗೆ ಬರುವಷ್ಟರಲ್ಲಿ ಒರಗಿ ನಿಲ್ಲುವ ಗೋಡೆಯೂ ಮುಗಿದಿರುತ್ತದೆ. ಎರಡು ಗಂಟೆ ಒಂಟಿಕಾಲಲ್ಲಿ ನಿಂತುಹೋದವನು ಅಲ್ಲಿ ಲಿಫ್ಟ್ ಕೆಟ್ಟರೆ ಹತ್ತು ಮಹಡಿ ಹತ್ತಬೇಕು. ಹಾಗಾಗಿ ಹಿಂದಕ್ಕೆ ಹೋಗಿ ಸೀಟು ಹಿಡಿದು, ಕಿಟಕಿಗೆ ತಲೆ ಕೊಟ್ಟು, ತನ್ನ ಮನೆಯ ಮುಂದೆ ಹಾದುಹೋಗುವಾಗ ಮೊದಲ ನಿದ್ದೆ. ಅವನೊಬ್ಬನೇ ಅಲ್ಲ, ಆಸ್ಪತ್ರೆ ಆಯಾಗಳು, ಸೆಕ್ಯೂರಿಟಿಯವರು, ಗಾರ್ಮೆಂಟ್ಸ್ ಹೆಂಗಸರು, ಎಲ್ಲರೂ.

ಲಿಖಿತ ಆ ಜನರನ್ನು ಹಿಡಿದದ್ದು ರಾತ್ರಿ ಗಾಡಿ ಬಂದ ಮೇಲೆ, ಅವರು ಕೈಕಾಲು ತೊಳೆದು ಊಟಕ್ಕೆ ಕೂತಾಗ. ಹಗಲಲ್ಲಿ ಹೋದರೆ ಅವರ ಮನೆಗಳಿಗೆ ಬೀಗ.

ಅನಿರುದ್ಧ ಕಟ್ಟಿನ ಫಾರಂಗಳನ್ನು ಒಂದೊಂದಾಗಿ ತಿರುವಿದ. “ಅಂದರೆ ಇವು ನಿಜ,” ಎಂದ, ಯಾರಿಗೂ ಅಲ್ಲ ಎಂಬಂತೆ.

ಲಿಖಿತ ಮೊದಲ ಸಲ ಬೆನ್ನನ್ನು ಸೀಟಿಗೆ ಒರಗಿಸಿದಳು.

ಸರಸ್ವತಮ್ಮನವರಿಗೆ ಮಾತ್ರ ಅದು ಅರ್ಧ ದಾರಿ. ಅವರ ಕಣ್ಣು ಅನಿರುದ್ಧನ ಪಕ್ಕದಲ್ಲಿ ಕೂತಿದ್ದ ಮುನಿರಾಜುವಿನ ಮೇಲಿತ್ತು. ಬೂದಿಕೋಟೆ ಕಡೆಯವನು, ಮೂವತ್ತೈದರ ಆಸುಪಾಸು, ತೊಡೆಯ ಮೇಲಿನ ನೀಲಿ ಚೀಲದ ಹಿಡಿಯನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಿದ್ದ. ಪೆರುಮಾಳ್ ಮಾತಾಡಿದಷ್ಟು ಹೊತ್ತೂ ಅವನು ನಕ್ಕಿರಲಿಲ್ಲ. ಮದುವೆ ಗುಂಪಿನವರೆಲ್ಲ ನಕ್ಕಿದ್ದರು.

“ಅನಿರುದ್ಧ, ಒಂದು ಕೆಲಸ ಮಾಡಪ್ಪಾ,” ಎಂದರು ಸರಸ್ವತಮ್ಮ. “ಇವು ನಲವತ್ತೊಂದು. ಮುನಿರಾಜು ಚೀಲದಲ್ಲಿರೋವು, ನಿನ್ನ ಮಾದರಿ ಒಪ್ಕೊಂಡಿದ್ದು, ಇನ್ನೂರಾ ಹನ್ನೆರಡು. ಆ ಇನ್ನೂರಾ ಹನ್ನೆರಡರಲ್ಲಿ ಒಬ್ರಾದ್ರೂ ಸೀಟಿಗೆ ಅಂತ ಹಿಂದಕ್ಕೆ ಓಗಿದಾರಾ ನೋಡು.”

ಅನಿರುದ್ಧ ಲ್ಯಾಪ್‌ಟಾಪ್ ತೆರೆದ. ಬೆರಳು ಓಡಿದವು. ಮದುವೆ ಗುಂಪಿನ ಅಜ್ಜಿಯೂ ಬಗ್ಗಿ ನೋಡಿದರು.

“ಸೊನ್ನೆ,” ಎಂದ ಅವನು.

“ಒಬ್ರೂ ಇಲ್ಲ?”

“ಒಬ್ಬರೂ ಇಲ್ಲ. ರೈಲು ಹತ್ತೋರೇ ಕಮ್ಮಿ. ಹತ್ತಿದ ಎಲ್ಲರೂ ಮನೆ ಹತ್ತಿರದ ಸ್ಟೇಷನ್ನಲ್ಲೇ ಹತ್ತಿದಾರೆ.” ಅವನ ದನಿ ಇಳಿಯಿತು. “ತುಂಬ ಸ್ವಚ್ಛವಾಗಿವೆ ಇವು.”

ಮುನಿರಾಜು ಎದ್ದು ನಿಂತ. ಗಾಡಿ ಈಗ ಹೊರಡುವಂತೆ ಕಾಣುವುದಿಲ್ಲ, ಇಳಿದು ನಡೆದುಬಿಡುತ್ತೇನೆ, ಸಭೆಗೆ ಫಾರಂ ಮುಟ್ಟಿಸಬೇಕು ಎಂದು ಹೇಳುತ್ತ ಚೀಲವನ್ನು ತಲೆಯ ಮೇಲೆತ್ತಿ ಬಾಗಿಲ ಕಡೆ ನುಗ್ಗಿದ. ಪೆರುಮಾಳ್ ಜಾಗ ಬಿಡಲಿಲ್ಲ. ಕೆಳಗೆ ಎರಡಾಳು ಎತ್ತರದ ಏರಿ, ಅದರ ಕೆಳಗೆ ಜಾಲಿಮುಳ್ಳು, ಹಾರಿದರೆ ಚೀಲ ಒಂದು ಕಡೆ ನೀವೊಂದು ಕಡೆ ಎಂದು ಸಮಾಧಾನವಾಗಿ ಹೇಳಿ, ಬಾಗಿಲ ಎರಡೂ ಕಂಬಿಗಳನ್ನು ಹಿಡಿದುಕೊಂಡು ಇನ್ನಷ್ಟು ಅಗಲವಾಗಿ ಕೂತ. ಆಚೆ ಕಡೆಯ ಬಾಗಿಲಿಗೆ ಮದುವೆಯವರ ಪಾತ್ರೆಗಳ ಮೂಟೆ ಒರಗಿಸಿದ್ದರು.

ಮುನಿರಾಜು ವಾಪಸು ಬಂದು ಕೂತ. ಆ ಚೂರು ಜಾಗವೂ ಅಷ್ಟರಲ್ಲಿ ಅರ್ಧವಾಗಿತ್ತು.

ಸರಸ್ವತಮ್ಮ ಎರಡು ದಿನ ಹಾಳು ಮಾಡಿಕೊಂಡಿದ್ದು ಬಸ್ಸಿನ ಮಾಲೀಕ ಅಶ್ವತ್ಥಪ್ಪನ ಹಿಂದೆ. ರೈಲಿಗೆ ಜನವಿಲ್ಲವೆಂದಾದರೆ ಲಾಭ ಬಸ್ಸಿನವನಿಗೆ ತಾನೆ ಎಂಬ ಎಣಿಕೆ. ಆ ಮನುಷ್ಯನಿಗೆ ಇಂಥದೊಂದು ಸಮೀಕ್ಷೆ ನಡೆದಿದ್ದೇ ಗೊತ್ತಿರಲಿಲ್ಲ. ಕಳ್ಳತನಕ್ಕೆ ಯಾವಾಗಲೂ ದೊಡ್ಡ ಕಾರಣ ಬೇಕೆಂದುಕೊಂಡಿದ್ದೇ ತಪ್ಪಾಗಿತ್ತು. ಮುನಿರಾಜುವಿಗೆ ಬೀಗ ಹಾಕಿದ ಮನೆಗೆ ಎರಡನೇ ಸಲ ಹೋಗುವ ಬೇಸರ ಸಾಕಿತ್ತು.

ಅವರು ಕೈ ಚಾಚಿದರು. ಮುನಿರಾಜು ಚೀಲ ಕೊಡಲಿಲ್ಲ, ಅನಿರುದ್ಧ ಇಸಿದುಕೊಂಡು ಕೊಟ್ಟ.

ಅವರು ಬೇಕೆಂದೇ ಒಂದೊಂದೇ ಫಾರಂ ತಿರುವಿದರು. ಅಕ್ಷರ ಬೇರೆ ಬೇರೆ, ಇಂಕು ಬೇರೆ ಬೇರೆ. ಅಷ್ಟು ಜಾಣತನವಿತ್ತು. ಆದರೆ ಎಲ್ಲ ಮನೆಗಳಲ್ಲೂ ಜನ ಒಂಬತ್ತೂವರೆಗೆ ತಿಂಡಿ ತಿಂದು ಹೊರಡುತ್ತಿದ್ದರು. ಯಾರೂ ಯಾರ ಸ್ಕೂಟರಿನ ಹಿಂದೆಯೂ ಕೂರುತ್ತಿರಲಿಲ್ಲ. ಯಾವ ಹೆಂಗಸೂ ದಾರಿಯಲ್ಲಿ ಮಗುವನ್ನು ತವರಿನಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಬೈಕಿನಲ್ಲಿ ಒಂಟಿಯಾಗಿ ಓಡಾಡುವವನು ಊಹಿಸಿದ ಊರು ಅದು.

ಒಂದು ಫಾರಂ ಹತ್ತಿರ ಅವರ ಕೈ ನಿಂತಿತು. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

“ಮುನಿರಾಜು, ಈ ಮನೆಗೆ ಯಾರು ಓಗಿದ್ದು?”

ಅವನು ಬಗ್ಗಿ ನೋಡಿ, ಕೆಲಸ ಬಿಟ್ಟುಹೋದ ಒಬ್ಬ ಹುಡುಗ ತಂದದ್ದು ಎಂದ.

“ಇದು ನಮ್ಮನೆ ನಂಬರು ಕಣಪ್ಪಾ. ಇದ್ರಲ್ಲಿ ಇಬ್ಬರು ಗಂಡಸ್ರು ಇದಾರಂತೆ, ದಿನಾ ಮೋಟರ್ ಸೈಕಲ್ ಮೇಲೆ ಕೆಲಸಕ್ಕೆ ಓಗ್ತಾರಂತೆ. ನಾನು ಒಂಟಿ ಅಂದ್ಕೊಂಡು ಹನ್ನೆರಡು ವರ್ಷದಿಂದ ಒಂದೇ ಲೋಟ ಅಕ್ಕಿ ಹಾಕ್ತಾ ಇದೀನಿ.”

ಪೆರುಮಾಳ್ ಬಾಗಿಲ ಕಂಬಿಗೆ ತಲೆ ಬಡಿದುಕೊಂಡು ನಕ್ಕ. ಲಿಖಿತಳೂ ನಕ್ಕಳು, ಮೂರು ವಾರದಲ್ಲಿ ಮೊದಲ ಸಲ. ಮುನಿರಾಜುವಿನ ಕಿವಿಯ ತುದಿ ಕೆಂಪಾಗಿತ್ತು, ಆದರೆ ಮುಖ ಬಿಗಿದೇ ಇತ್ತು.

ಬಾಗಿಲ ನಂಬರು ಬರೆಯುವಾಗ ತಪ್ಪಾಗಿರಬಹುದು ಎಂದ. ಒಂದು ತಪ್ಪಿಗೆ ಇನ್ನೂರಾ ಹನ್ನೆರಡೂ ಸುಳ್ಳಾಗುತ್ತವೆಯೇ ಎಂದ. ಆಮೇಲೆ ಅನಿರುದ್ಧನ ಕಡೆ ತಿರುಗಿ ತನ್ನ ಕೊನೆಯ ಎಲೆ ಎಸೆದ.

“ಸಾರ್, ನೀವೇ ಏಳಿ. ನಿಮ್ಮ ಆಫೀಸಿಂದ ಎಂಟು ಮನೆಗೆ ಫೋನ್ ಮಾಡಿ ಚೆಕ್ ಮಾಡ್ಲಿಲ್ವಾ? ಎಂಟೂ ಜನ ಊಂ ಅಂದ್ರಾ ಇಲ್ವಾ? ರೆಕಾರ್ಡಿಂಗ್ ಐತಲ್ಲ ನಿಮ್ಮತ್ರ.”

ಅನಿರುದ್ಧ ಒಪ್ಪಿಕೊಳ್ಳಬೇಕಾಯಿತು. ಫಾರಂ ನಿಜವೋ ಅಲ್ಲವೋ ಎಂದು ನೋಡಲು ಅದರಲ್ಲಿ ಬರೆದ ನಂಬರಿಗೆ ಕಚೇರಿಯವರು ಕರೆ ಮಾಡಿ, ನಿಮ್ಮ ಮನೆಗೆ ಬಂದು ಕೇಳಿದರೇ ಎಂದು ವಿಚಾರಿಸುವುದು ರೂಢಿ. ಚೀಲದ ಫಾರಂಗಳಲ್ಲಿ ಫೋನ್ ನಂಬರು ಬರೆದಿದ್ದದ್ದೇ ಎಂಟರಲ್ಲಿ, ಎಂಟಕ್ಕೆ ಎಂಟೂ ಸರಿಯಾಗಿದ್ದವು. ಲಿಖಿತಳ ಫಾರಂಗಳಲ್ಲಿ ಆರು ಜನಕ್ಕೆ ಮಾಡಿದರೆ ನಾಲ್ಕು ಜನ ಎತ್ತಲೇ ಇಲ್ಲ, ಇಬ್ಬರು ರೈಲಿನಲ್ಲಿ ಇದ್ದೀವಿ ಆಮೇಲೆ ಮಾಡಿ ಎಂದು ಇಟ್ಟಿದ್ದರು. ಅದೂ ಅವಳ ವಿರುದ್ಧವೇ ಹೋಗಿತ್ತು.

“ಎಂಟಕ್ಕೆ ಎಂಟೂ ಜನ ಮೊದಲ ಸಲಕ್ಕೇ ಎತ್ತಿದ್ರಾ?” ಎಂದು ಕೇಳಿದರು ಸರಸ್ವತಮ್ಮ.

ಹೌದು ಎಂದ ಅನಿರುದ್ಧ.

ಎಕ್ಸ್‌ಚೇಂಜಿನ ಮೂವತ್ತೊಂದು ವರ್ಷದಲ್ಲಿ ಈ ಊರಿನ ಎಂಟು ಫೋನು ಸಾಲಾಗಿ ಎತ್ತಿದ್ದನ್ನು ಅವರು ಒಂದು ದಿನವೂ ಕಂಡವರಲ್ಲ. ಆ ರೆಕಾರ್ಡಿಂಗ್ ಕೇಳಿಸು ಎಂದರು. ಅನಿರುದ್ಧ ಬ್ಯಾಗಿನಿಂದ ಹೆಡ್‌ಫೋನ್ ತೆಗೆದು, ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎಂಟನ್ನೂ ಒಂದರ ಹಿಂದೆ ಒಂದು ಬರುವಂತೆ ಹಚ್ಚಿಕೊಟ್ಟ.

ಅವರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಡಬ್ಬಿಯ ಗಲಾಟೆ ದೂರವಾಯಿತು.

ಮೊದಲನೆಯವಳು ಕನ್ನಡದಲ್ಲಿ ಮಾತಾಡಿದಳು. ಎರಡನೆಯವಳು ತಮಿಳು ಬೆರೆಸಿ. ಮೂರನೆಯದು ಮುದುಕಿ, ಕೆಮ್ಮುತ್ತ, ತೆಲುಗಿನಲ್ಲಿ. ಬಂದಿದ್ದರು, ಕೇಳಿದರು, ಬರೆದುಕೊಂಡು ಹೋದರು. ನಾಲ್ಕನೆಯವಳು ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡಳು.

ಒಬ್ಬಳೇ ಹೆಂಗಸು. ಅದು ಅವರಿಗೆ ಎರಡನೆಯದಕ್ಕೇ ಗೊತ್ತಾಗಿತ್ತು. ಭಾಷೆ ಬದಲಾಯಿಸಬಹುದು, ವಯಸ್ಸು ಬದಲಾಯಿಸಬಹುದು, ಉಸಿರು ತೆಗೆದುಕೊಳ್ಳುವ ಜಾಗ ಬದಲಾಗುವುದಿಲ್ಲ. ನಾಟಕವನ್ನು ಇಷ್ಟು ಚೆನ್ನಾಗಿ ಆಡುವವಳು ಯಾರಿರಬಹುದು ಎಂದು ಅವರಿಗೆ ಒಂದು ಕ್ಷಣ ಖುಷಿಯೇ ಆಯಿತು.

ಇದೆಲ್ಲ ಒಬ್ಬಳೇ ಹೆಂಗಸಿನ ದನಿ ಎಂದು ಕಣ್ಣು ತೆರೆಯದೆಯೇ ಅನಿರುದ್ಧನಿಗೆ ಹೇಳಿ, ಕೇಳಿದರು, ಸಮೀಕ್ಷೆಯ ಹುಡುಗರಿಗೆ ಕಂಪನಿಯೇ ಸಿಮ್ ಕೊಟ್ಟಿತ್ತೇ, ನಡುವೆ ಬಿಟ್ಟುಹೋದವರು ಎಷ್ಟು ಜನ ಎಂದು. ಅವನು ಎಂಟು ಎಂದ. ಎಂದವನು ಹಾಗೆಯೇ ತಿರುಗಿ ಮುನಿರಾಜುವನ್ನು ನೋಡಿದ.

“ಆ ಸಿಮ್‌ಗಳೆಲ್ಲ ನಿಮ್ಮ ಹತ್ತಿರ ತಾನೆ ಇದ್ದದ್ದು?”

ಮುನಿರಾಜು ಕಿಟಕಿಯ ಕಡೆ ನೋಡಿದ. ಅಲ್ಲಿ ಲಿಖಿತ ಇದ್ದಳು.

ಐದನೆಯ ಕರೆ ಬಂತು. ಕಚೇರಿಯ ಹುಡುಗಿ ಪ್ರಶ್ನೆ ಕೇಳಿದಳು. ಉತ್ತರ ತಕ್ಷಣ ಬರಲಿಲ್ಲ. ಮೊದಲು ಒಂದು ಚಿಕ್ಕ ಸದ್ದು, ಸ್ಟೀಲಿನ ಮುಚ್ಚಳದೊಳಕ್ಕೆ ಏನೋ ಸಣ್ಣದು ಬಿದ್ದಂತೆ. ಟಿಣ್. ಮತ್ತೆ ಟಿಣ್. ಮತ್ತೊಂದು. ಆಮೇಲೆ ಬಾಯಿ ಬಿಡುಗಡೆಯಾದವಳ ದನಿ. “ಊಂ, ಬಂದಿದ್ರು ಕಣಮ್ಮಾ.”

ಸರಸ್ವತಮ್ಮನವರು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು.

ಹೋದ ಶುಕ್ರವಾರ ಅವರು ತೋಳು ಚಾಚಿಕೊಂಡು ನಿಂತಿದ್ದರು. ಎದುರಿಗೆ ಕಲಾ, ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು ಕಚ್ಚಿಕೊಂಡು, ತುಟಿಯ ಒಂದು ಬದಿಯಿಂದ ಮಾತಾಡುತ್ತ ಅಳತೆ ಹಿಡಿಯುತ್ತಿದ್ದಳು. ಉದ್ದದ ಮಾತು ಬಂದಾಗ ಮಾತ್ರ ಪಿನ್ನುಗಳನ್ನು ಒಂದೊಂದಾಗಿ ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ಹಾಕಿಕೊಳ್ಳುತ್ತಿದ್ದಳು. ಟಿಣ್, ಟಿಣ್. ಮುಚ್ಚಳ ಖಾಲಿಯಾಗಿದ್ದಾಗಿನ ಆ ಸದ್ದು. ಅಷ್ಟಾದ ಮೇಲೆ ತಾನೆ ಅವಳು ಕೈ ಹಿಡಿದುಕೊಂಡದ್ದು. ಹೆಂಗಾದ್ರೂ ಮಾಡಿ ನನ್ನ ಮಗಳನ್ನ ಇದ್ರಿಂದ ಬಿಡಿಸಿಕೊಡಿ ಅಕ್ಕಾ ಎಂದು.

ಆರನೆಯ ಕರೆ ಶುರುವಾಯಿತು. ಅವರು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಏನಾದರೂ ಹೇಳಬೇಕಾಗುತ್ತದೆ. ಆದರೂ ಒಂದು ಕಿವಿಯ ಕಪ್ಪನ್ನು ಸ್ವಲ್ಪ ಸರಿಸಬೇಕಾಯಿತು, ಮುನಿರಾಜು ಮುಂದಕ್ಕೆ ಬಗ್ಗಿದ್ದ. ಅವನ ದನಿ ಈಗ ಬೇರೆಯಾಗಿತ್ತು. ಗೆದ್ದವನದೂ ಅಲ್ಲ, ಸೋತವನದೂ ಅಲ್ಲ. ಇಕ್ಕಟ್ಟಿನಲ್ಲಿ ತನ್ನ ಜೊತೆಗೆ ಇನ್ನೊಬ್ಬರೂ ಸಿಕ್ಕಿಕೊಂಡರೆಂದು ಗೊತ್ತಾದವನದು.

“ಗೊತ್ತಾಯ್ತಲ್ಲಕ್ಕಾ,” ಎಂದ, ಮೆಲ್ಲಗೆ. “ಅವ್ರು ದುಡ್ಡಿಗೆ ಮಾಡಿದ್ದಲ್ಲ, ಅದೂ ಏಳ್ಬುಡ್ತೀನಿ. ಇಂಗೆ ಏಳಿದ್ರೆ ಒಬ್ಬರ ಕೆಲಸ ಉಳೀತದೆ ಅಂದೆ, ಪಾಪ ನಂಬಿದ್ರು. ಈಗ ನೀವು ಏಳಿ. ಸಭೇಲಿ ಏಳ್ತೀರೋ, ಈ ಮಗು ಮುಂದೇನೇ ಏಳ್ತೀರೋ. ನನ್ನ ಹೆಸರು ಬಂದ ಕಡೆ ಆ ಹೆಸರೂ ಬತ್ತದೆ.”

ಅನಿರುದ್ಧ ಇಬ್ಬರ ಮುಖವನ್ನೂ ನೋಡಿದ. ಯಾರ ಹೆಸರು ಎಂದು ಕೇಳಿದ. ನಲವತ್ತೊಂದು ಫಾರಂ ನಿಜವೆಂದು ತಾನು ಸಭೆಯಲ್ಲಿ ಹೇಳುತ್ತೇನೆ, ಆದರೆ ಮಿಕ್ಕವು ಸುಳ್ಳೆನ್ನಲು ಈ ಹೆಂಗಸು ಯಾರೆಂದು ಹೇಳಲೇಬೇಕು, ಇಲ್ಲದಿದ್ದರೆ ಎಂಟು ಜನ ಊಂ ಎಂದದ್ದೇ ಉಳಿಯುತ್ತದೆ, ಸ್ವಚ್ಛವಾದದ್ದೇ ಗೆಲ್ಲುತ್ತದೆ ಎಂದ. ಗಡಿಯಾರ ನೋಡಿಕೊಂಡ. ಹನ್ನೊಂದು ನಲವತ್ತು.

ಸರಸ್ವತಮ್ಮ ಕೈಯಲ್ಲಿದ್ದ ತಮ್ಮ ಮನೆಯ ಫಾರಂ ನೋಡಿದರು. ಅದನ್ನು ಮಡಚಿದರು, ಮತ್ತೆ ಬಿಚ್ಚಿದರು. ಮಗಳನ್ನು ಬಿಡಿಸಬೇಕಾದರೆ ತಾಯಿಯನ್ನು ಹಿಡಿದುಕೊಡಬೇಕು. ತಾಯಿಯನ್ನು ಬಿಟ್ಟರೆ ಮಗಳು ಸಿಕ್ಕಿಬೀಳುತ್ತಾಳೆ. ಇಷ್ಟು ಜನರ ನಡುವೆ, ಇಷ್ಟು ಹತ್ತಿರ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು, ತಿರುಗಿ ಕೂರಲೂ ಜಾಗವಿರಲಿಲ್ಲ.

ಲಿಖಿತ ಅವರ ಮುಂಗೈ ಮುಟ್ಟಿದಳು. ಅವಳ ಮುಖದಲ್ಲಿ ಆಗಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಯಾರು ಆಂಟಿ ಅದು? ನನಗೆ ಗೊತ್ತಿರೋರಾ?”

“ಸರಿಯಾಗಿ ತಿಳೀಲಿಲ್ಲ ಕಣಮ್ಮಾ,” ಎಂದರು ಸರಸ್ವತಮ್ಮ. “ಗಾಡಿ ಸದ್ದು.”

“ಗಾಡಿ ನಿಂತಿದೆಯಲ್ಲ ಆಂಟಿ.”

ಆಗಲೇ ಎಲ್ಲೋ ಮುಂದೆ ಹಾರನ್ ಕೂಗಿತು. ಇಡೀ ಡಬ್ಬಿ ಒಮ್ಮೆ ಜಗ್ಗಿ ಹೊರಟಿತು. ಮದುವೆಯವರು ಖುಷಿಯಿಂದ ಹೋ ಎಂದರು, ಪಾತ್ರೆಗಳ ಮೂಟೆ ಗಲಗಲ ಎಂದಿತು, ಪೆರುಮಾಳ್ ಕಾಲು ಒಳಕ್ಕೆಳೆದುಕೊಂಡ. ಲ್ಯಾಪ್‌ಟಾಪ್ ತೊಡೆಯಿಂದ ಜಾರಿತೆಂದು ಅನಿರುದ್ಧ ಎರಡೂ ಕೈಯಿಂದ ಹಿಡಿದುಕೊಂಡ. ಹೆಡ್‌ಫೋನಿನ ವೈರು ಕಿತ್ತು ಬಂತು.

ಏಳನೆಯ ಕರೆ ಎಲ್ಲರಿಗೂ ಕೇಳಿಸಿತು. ಟಿಣ್. ಟಿಣ್. ಆಮೇಲೆ ಒಬ್ಬ ಹೆಂಗಸು, ತುಟಿಯ ಒಂದು ಬದಿಯಿಂದ, ಊಂ, ಬಂದಿದ್ರು, ಎಲ್ಲಾ ಕೇಳ್ಕೊಂಡು ಓದ್ರು ಎಂದಳು.

ಅನಿರುದ್ಧ ತಡಬಡಿಸಿ ಅದನ್ನು ನಿಲ್ಲಿಸಿದ.

ಲಿಖಿತ ಯಾರ ಕಡೆಯೂ ನೋಡಲಿಲ್ಲ. ಅವಳ ಹೆಬ್ಬೆರಳು ಬ್ಯಾಗಿನ ಪಟ್ಟಿಗೆ ಚುಚ್ಚಿದ್ದ ಗುಂಡುಪಿನ್ನಿನ ತಲೆಯ ಮೇಲಿತ್ತು. ಬಂಗಾರಪೇಟೆಯ ಪ್ಲಾಟ್‌ಫಾರಂ ಕಿಟಕಿಗೆ ಬಂತು. ಅವಳು ಅನಿರುದ್ಧನ ಫೈಲಿನಿಂದ ಆ ಕಾಗದ ಎಳೆದುಕೊಂಡಳು. ಅವನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಸರಸ್ವತಮ್ಮನವರ ಕೈ ಅವಳ ಮುಂಗೈವರೆಗೆ ಬರುವಷ್ಟರಲ್ಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿದಳು.